ಎರಡು ಗಂಟೆಯಲ್ಲಿ ಹೊರಟವರು ಮರಳಲು ಎಷ್ಟು ವರ್ಷ ಬೇಕು?

ಪುನರ್ವಸತಿ ಎನ್ನುವುದು ಸರಕಾರಗಳಿಗೆ ಬಲು ಪ್ರಿಯವಾದ ಪದ. ಯುದ್ಧ ಮುಗಿದ ಮೇಲೆ ಇಷ್ಟು ಕುಟುಂಬಗಳನ್ನು ಬಸ್ಸು ಹತ್ತಿಸಿದೆವು, ಇಷ್ಟು ತಗಡು ಕೊಟ್ಟೆವು, ಇಷ್ಟು ಚೀಲ ಅಕ್ಕಿ ಹಂಚಿದೆವು ಎಂದು ಲೆಕ್ಕ ಒಪ್ಪಿಸಿದರೆ ಅದು ಮುಗಿಯಿತು. ಬಸ್ಸಿನಿಂದ ಇಳಿದವನು ಯಾರ ಬಾಗಿಲು ತಟ್ಟಿದ, ಬಾಗಿಲು ತೆರೆಯಿತೇ ಇಲ್ಲವೇ ಎನ್ನುವುದಕ್ಕೆ ಆ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲ. ನಮ್ಮ ತಕರಾರು ಇಷ್ಟೇ ಆಗಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ಇದನ್ನು ಎಷ್ಟೋ ಮಂದಿ ಹೇಳಿದ್ದಾರೆ. ನಾವು ಹೇಳಹೊರಟಿರುವುದು ಬೇರೆ. ಬಂದೂಕಿನ ಮುಂದೆ ಊರು ಬಿಟ್ಟವರನ್ನು ಮರಳಿ ಸೇರಿಸಿಕೊಳ್ಳದಿರುವುದಕ್ಕೆ, ಅವರು ಊರು ಬಿಟ್ಟು ಕಳೆದ ವರ್ಷಗಳನ್ನೇ ಕಾರಣವಾಗಿ ತೋರಿಸಲಾಗುತ್ತಿದೆ. 'ನೀವು ಬಹಳ ಕಾಲ ಇಲ್ಲಿರಲಿಲ್ಲ' ಎನ್ನುವುದೇ ಅವರ ಮೇಲಿನ ಆರೋಪ. ಓಡಿಸಿದವರು ಸತ್ತುಹೋಗಿದ್ದಾರೆ. ಅವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಕಚೇರಿಗಳು ಬಹಳ ಶಿಸ್ತಿನಿಂದ, ಮೊಹರು ಒತ್ತಿ ಪೂರೈಸುತ್ತಿವೆ.

ಇದು ನಮ್ಮ ಪಕ್ಕದ ದ್ವೀಪ ಶ್ರೀಲಂಕಾದ ಉತ್ತರ ಪ್ರಾಂತ್ಯದ ಮುಸ್ಲಿಮರ ಕಥೆ. ಬೋಸ್ನಿಯಾ, ಫೆಲೆಸ್ತೀನ್‌ಗಳ ಬಗ್ಗೆ ಕಣ್ಣೀರು ತುಂಬಿ ಬರೆಯುವ ನಮ್ಮವರಲ್ಲಿ ಎಷ್ಟು ಮಂದಿಗೆ ಈ ಕಥೆ ಗೊತ್ತು? ತಮಿಳರ ನೋವಿಗೆ ನ್ಯಾಯವಾಗಿಯೇ ಮಿಡಿದ ಕನ್ನಡದ ಪ್ರಗತಿಪರರಲ್ಲಿ ಎಷ್ಟು ಮಂದಿ ಇದನ್ನು ಪ್ರಸ್ತಾಪಿಸಿದ್ದಾರೆ? ಇಲ್ಲಿ ಓಡಿಸಿದವರು ಬಹುಸಂಖ್ಯಾತರ ಸೈನ್ಯವಲ್ಲ, ತಾವೇ ತುಳಿತಕ್ಕೊಳಗಾದವರ ಹೆಸರಿನಲ್ಲಿ ಹೋರಾಡುತ್ತಿದ್ದ ಎಲ್‌ಟಿಟಿಇ. ಓಡಿಸಲ್ಪಟ್ಟವರು ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರು. ಹೀಗಾಗಿ ಈ ಕಥೆ ಯಾರ ಭಾಷಣಕ್ಕೂ ಒದಗುವುದಿಲ್ಲ. ಸಿಂಹಳ ರಾಷ್ಟ್ರವಾದಿಗಳು ತಮಿಳರನ್ನು ಹಳಿಯಬೇಕಾದಾಗ ಇದನ್ನು ನೆನಪಿಸಿಕೊಳ್ಳುತ್ತಾರೆ, ಮುಸ್ಲಿಮರು ಜಮೀನು ಕೇಳಲು ಬಂದಾಗ ಮರೆಯುತ್ತಾರೆ.

ನಡೆದದ್ದನ್ನು ಚುಟುಕಾಗಿ ಹೇಳಬೇಕು. 1990ರ ಮಾರ್ಚಿನಲ್ಲಿ ಭಾರತದ ಶಾಂತಿಪಾಲನಾ ಪಡೆ ವಾಪಸಾಯಿತು, ಜೂನ್‌ನಲ್ಲಿ ಯುದ್ಧ ಮತ್ತೆ ಹೊತ್ತಿಕೊಂಡಿತು. ಆಗಸ್ಟ್ 3ರಂದು ಪೂರ್ವದ ಕಾತ್ತಾನ್‌ಕುಡಿಯ ಎರಡು ಮಸೀದಿಗಳಲ್ಲಿ ನಮಾಜಿಗೆ ನಿಂತಿದ್ದ ನೂರಕ್ಕೂ ಹೆಚ್ಚು ಜನರನ್ನು ಎಲ್‌ಟಿಟಿಇ ಕೊಂದಿತು. ಅದೇ ಪೂರ್ವದಲ್ಲಿ ಸರಕಾರ ಬಂದೂಕು ಕೊಟ್ಟಿದ್ದ ಮುಸ್ಲಿಂ ಗೃಹರಕ್ಷಕರು ತಮಿಳು ಹಳ್ಳಿಗಳ ಮೇಲೆ ಬಿದ್ದದ್ದೂ ಸುಳ್ಳಲ್ಲ. ಆದರೆ ಉತ್ತರದ ಮುಸ್ಲಿಮರು ಯಾರ ತಂಟೆಗೂ ಹೋಗಿರಲಿಲ್ಲ. ಪ್ರಾಂತ್ಯದ ಜನಸಂಖ್ಯೆಯಲ್ಲಿ ಅವರು ಶೇ. 5ರಷ್ಟಿದ್ದರು. ಜಾಫ್ನಾ ಪಟ್ಟಣದಲ್ಲಿ ದರ್ಜಿಗಳು, ಹಾರ್ಡ್‌ವೇರ್ ವ್ಯಾಪಾರಿಗಳು, ಲಾರಿ ಮಾಲಿಕರು. ಮನ್ನಾರಿನಲ್ಲಿ ರೈತರು, ಮೀನುಗಾರರು. ಮನೆಯ ಮಾತು ತಮಿಳು. ಮಕ್ಕಳು ಓದಿದ್ದು ತಮಿಳಿನಲ್ಲಿ, ಅಳುವುದು ನಗುವುದು ತಮಿಳಿನಲ್ಲಿ. ಅಕ್ಟೋಬರ್ ಮಧ್ಯದಲ್ಲಿ ಚಾವಕಚ್ಚೇರಿಯಿಂದ ಶುರುವಾಗಿ ಒಂದೊಂದೇ ಜಿಲ್ಲೆ ಖಾಲಿಯಾಯಿತು. ಅಕ್ಟೋಬರ್ 30ರಂದು ಜಾಫ್ನಾದ ಬೀದಿಗಳಲ್ಲಿ ಧ್ವನಿವರ್ಧಕದ ಗಾಡಿ ಓಡಾಡಿತು. ಎಲ್ಲರೂ ಒಸ್ಮಾನಿಯಾ ಕಾಲೇಜಿನ ಮೈದಾನಕ್ಕೆ ಬರಬೇಕು. ಬಂದ ಮೇಲೆ ತಿಳಿಯಿತು, ಎರಡು ಗಂಟೆಯೊಳಗೆ ಊರು ಬಿಡಬೇಕು. ಉಟ್ಟ ಬಟ್ಟೆ, ಕೈಯಲ್ಲಿ ಕೆಲವೇ ನೂರು ರೂಪಾಯಿ. ದಾರಿಯಲ್ಲಿ ಹೆಂಗಸರ, ಮಕ್ಕಳ ಕಿವಿಯ ಓಲೆಗಳನ್ನೂ ಬಿಚ್ಚಿಸಿಕೊಂಡರು. ಒಟ್ಟು 72ರಿಂದ 75 ಸಾವಿರ ಜನ. ಮನ್ನಾರ್ ದ್ವೀಪದ ಎರುಕ್ಕಲಂಪಿಟ್ಟಿಯಂಥ ಊರುಗಳಿಂದ ದೋಣಿ ಹತ್ತಿದವರು ಕಲ್ಪಿಟಿಯಾದಲ್ಲಿ ಇಳಿದರು, ಉಳಿದವರು ನಡೆದೋ ಲಾರಿಯಲ್ಲೋ ಪುತ್ತಳಂ ತಲುಪಿದರು.

ಮನ್ನಾರಿನಲ್ಲಿ ತಮಿಳು ನೆರೆಯವರು ಹೀಗೆ ಮಾಡಬೇಡಿ ಎಂದು ಬಂದೂಕಿನವರನ್ನು ಬೇಡಿಕೊಂಡರು ಎಂಬ ನೆನಪನ್ನು ಮುಸ್ಲಿಮರೇ ಉಳಿಸಿಕೊಂಡಿದ್ದಾರೆ. ಅದನ್ನು ಇಲ್ಲಿ ದಾಖಲಿಸದೆ ಮುಂದೆ ಹೋಗಲು ನಮಗೆ ಮನಸ್ಸಿಲ್ಲ.

ಇನ್ನು ಪುತ್ತಳಂ. ಅಲ್ಲಿನ ಮುಸ್ಲಿಮರು ಮೊದಲ ದಿನಗಳಲ್ಲಿ ಮಸೀದಿ ತೆರೆದರು, ಶಾಲೆ ತೆರೆದರು, ತಮ್ಮ ತೆಂಗಿನ ತೋಟಗಳಲ್ಲಿ ಗುಡಿಸಲು ಹಾಕಿಕೊಳ್ಳಲು ಬಿಟ್ಟರು. ನಮ್ಮ ಮೌಲವಿಗಳ ಖುತ್ಬಾಗಳಲ್ಲಿ ಇಂಥದ್ದಕ್ಕೆ ಸಿದ್ಧವಾದ ಹೋಲಿಕೆಯೊಂದಿದೆ. ಮಕ್ಕಾದಿಂದ ಬಂದ ಮುಹಾಜಿರ್‌ಗಳು, ಮದೀನಾದ ಅನ್ಸಾರ್‌ಗಳು. ಹೋಲಿಕೆ ಸುಂದರವಾಗಿದೆ. ಆದರೆ ಅದನ್ನು ಹೇಳುವವರು ಅರ್ಧಕ್ಕೆ ನಿಲ್ಲಿಸುತ್ತಾರೆ. ಪ್ರವಾದಿಯವರು (ಸ) ಮದೀನಾದಲ್ಲಿ ಮಾಡಿದ್ದು ಬರೀ ಉಪದೇಶವಲ್ಲ. ಒಬ್ಬೊಬ್ಬ ಮುಹಾಜಿರನನ್ನು ಒಬ್ಬೊಬ್ಬ ಅನ್ಸಾರಿಗೆ ಹೆಸರು ಹಿಡಿದು ಜೋಡಿಸಿದರು. ಸಅದ್ ಬಿನ್ ರಬೀಅ್ ತಮ್ಮ ಆಸ್ತಿಯಲ್ಲಿ ಅರ್ಧ ಕೊಡಲು ಮುಂದಾದಾಗ ಅಬ್ದುರ್ರಹ್ಮಾನ್ ಬಿನ್ ಔಫ್ ಅವರು ಅದನ್ನು ಒಲ್ಲೆನೆಂದು, ಪೇಟೆಯ ದಾರಿ ತೋರಿಸಿ ಸಾಕು ಎಂದರು. ನಿರಾಶ್ರಿತನಿಗೆ ಬೇಕಾದದ್ದು ಪೇಟೆಯ ದಾರಿ. ಅಂದರೆ ದುಡಿಮೆ, ಗೌರವದ ಅನ್ನ. ಪುತ್ತಳಂನಲ್ಲಿ ಬಿಕ್ಕಟ್ಟು ಶುರುವಾದದ್ದು ಸರಿಯಾಗಿ ಇಲ್ಲಿಯೇ. ಉಪ್ಪಿನ ಗದ್ದೆಗಳಲ್ಲಿ, ಈರುಳ್ಳಿ ಹೊಲಗಳಲ್ಲಿ ಕಡಿಮೆ ಕೂಲಿಗೆ ದುಡಿಯುವ ಕೈಗಳು ಹೆಚ್ಚಾದವು. ಶಾಲೆಯ ಬೆಂಚುಗಳು ಸಾಲದಾದವು. ಒಂದೇ ದೀನು, ಒಂದೇ ಭಾಷೆ, ಆದರೂ ಬಂದವರಿಗೆ 'ಅಗತಿ' ಎಂಬ ಹೆಸರು ಅಂಟಿತು. ತಮಿಳಿನಲ್ಲಿ ಅದು ನಿರಾಶ್ರಿತ ಎಂಬುದಕ್ಕೆ ಸಾದಾ ಪದ. ಪುತ್ತಳಂನಲ್ಲಿ ಅದು ಬೈಗುಳವಾಯಿತು. ಅಲ್ಲೇ ಹುಟ್ಟಿದ ಮಕ್ಕಳೂ ಅಗತಿಗಳೇ.

ಇದಕ್ಕಾಗಿ ಪುತ್ತಳಂನ ಬಡವರನ್ನು ದೂರುವುದು ಸುಲಭ. ಸಾವಿರಾರು ಕುಟುಂಬಗಳನ್ನು ಒಂದು ಹಿಂದುಳಿದ ಜಿಲ್ಲೆಯ ಹೆಗಲ ಮೇಲೆ ಇಳಿಸಿ, ಆ ಜಿಲ್ಲೆಗೆ ಶಾಲೆ, ಆಸ್ಪತ್ರೆ, ನೀರು ಯಾವುದನ್ನೂ ಸಾಲುವಷ್ಟು ಹೆಚ್ಚಿಸದೆ, ನಿಮ್ಮ ಧರ್ಮಬಂಧುಗಳು ತಾನೇ ನೋಡಿಕೊಳ್ಳಿ ಎಂದ ಸರಕಾರವನ್ನು ಯಾರೂ ದೂರಲಿಲ್ಲ. ಧರ್ಮಬಂಧುತ್ವವನ್ನು ಸರಕಾರ ತನ್ನ ಖರ್ಚು ಉಳಿಸಲು ಬಳಸಿಕೊಂಡಾಗ ಸಮುದಾಯದ ಮುಖಂಡರೂ ಅದನ್ನು ಹೊಗಳಿಕೆಯೆಂದೇ ಭಾವಿಸಿದರು. ನಮ್ಮಲ್ಲಿಯೂ ಗಲಭೆಯಾದಾಗ ಜಮಾಅತ್‌ನ ಹಾಲ್‌ನಲ್ಲಿ ಅನ್ನ ಬೇಯುತ್ತದೆ, ಜಿಲ್ಲಾಡಳಿತ ನಿರಾಳವಾಗುತ್ತದೆ.

2002ರಲ್ಲಿ ಕದನವಿರಾಮವಾಯಿತು. ಏಪ್ರಿಲ್ 10ರಂದು ಕಿಳಿನೊಚ್ಚಿಯ ಪತ್ರಿಕಾಗೋಷ್ಠಿಯಲ್ಲಿ ಪ್ರಭಾಕರನ್ ಪಕ್ಕದಲ್ಲಿ ಕುಳಿತ ಆಂಟನ್ ಬಾಲಸಿಂಗಂ ಮುಸ್ಲಿಮರನ್ನು ಹೊರಹಾಕಿದ್ದಕ್ಕೆ ಕ್ಷಮೆ ಕೇಳಿದರು. ಒಳ್ಳೆಯದೇ. ಆದರೆ ಜಾಫ್ನಾದ ಸೋನಕರ್ ಬೀದಿಗೆ ಮನೆ ನೋಡಲು ಹೋದವರಿಗೆ ಕಂಡದ್ದು ಬಾಗಿಲು, ಕಿಟಕಿ, ಮಾಡಿನ ಹೆಂಚು ಎಲ್ಲ ಕಳಚಿಹೋದ ಗೋಡೆಗಳು. ಮದುವೆಗೆ ನಿಂತ ಹೆಣ್ಣುಮಕ್ಕಳಿದ್ದರು, ಶಿಬಿರದಲ್ಲಿ ಕೂಡಿದ ಸಾಲವಿತ್ತು. ಅನೇಕರು ಸಿಕ್ಕ ಬೆಲೆಗೆ ಮಾರಿದರು. ಆ ಮಾರಾಟದ ಪತ್ರಗಳನ್ನು ಮುಂದಿಟ್ಟು 'ಅವರಾಗಿಯೇ ಮಾರಿ ಹೋದರಲ್ಲ' ಎನ್ನುವವರು ಇಂದಿಗೂ ಇದ್ದಾರೆ. ಕುತ್ತಿಗೆಗೆ ಬಂದಾಗ ಹಾಕಿದ ಸಹಿಯನ್ನು ಒಪ್ಪಿಗೆಯೆಂದು ಓದುವ ನ್ಯಾಯ ಇದು.

2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಕೊನೆಯ ತಿಂಗಳುಗಳ ನರಕದಿಂದ ಬದುಕಿ ಬಂದ ಎರಡೂವರೆ ಲಕ್ಷಕ್ಕೂ ಹೆಚ್ಚು ತಮಿಳರು ಮುಳ್ಳುತಂತಿಯ ಶಿಬಿರಗಳಲ್ಲಿದ್ದರು. ಜಗತ್ತಿನ ಕಣ್ಣು ಅವರ ಮೇಲಿದ್ದುದು ಸರಿಯೇ. ಆದರೆ ಅದೇ ವೇಳೆಗೆ ನೆರವಿನ ಕಡತಗಳಲ್ಲಿ ಜನ ಎರಡಾಗಿ ಹೋಳಾದರು. 2008ರ ನಂತರ ಸ್ಥಳಾಂತರಗೊಂಡವರು 'ಹೊಸಬರು', ಮೊದಲಿನವರು 'ಹಳಬರು'. ಹೊಸಬರಿಗೆ ಮೊದಲು. ಹಳಬರು ಕಾಯಲಿ, ಅವರಿಗೆ ಕಾದು ಅಭ್ಯಾಸವಿದೆಯಲ್ಲ! ಹತ್ತೊಂಬತ್ತು ವರ್ಷ ಕಾದದ್ದು ಸರದಿಯಲ್ಲಿ ಮುಂದೆ ನಿಲ್ಲಿಸಬೇಕಿತ್ತು. ಇಲ್ಲಿ ಅದು ಹಿಂದಕ್ಕೆ ತಳ್ಳಿತು. ಪುತ್ತಳಂನಲ್ಲಿ 2007ರಲ್ಲಿ ವಿಶ್ವಬ್ಯಾಂಕಿನ ನೆರವಿನ ವಸತಿ ಯೋಜನೆಯೊಂದು ಬಂದಿತ್ತು. ತೆಂಗಿನ ಗರಿಯ ಗುಡಿಸಲಿಗೆ ಬದಲು ಗೋಡೆಯ ಮನೆ. ಮಳೆಗೆ ನೆನೆಯುವ ಮಗುವನ್ನು ಕಟ್ಟಿಕೊಂಡು ಯಾವ ತಾಯಿ ತಾನೇ ಬೇಡವೆನ್ನುತ್ತಾಳೆ? ಮನೆ ಪಡೆದದ್ದರಿಂದ ಮರಳುವ ಹಕ್ಕು ಹೋಗುವುದಿಲ್ಲವೆಂದು ಯೋಜನೆ ಹೇಳಿತು. ಜನರ ಬಾಯಿ, ಕಚೇರಿಯ ಮೇಜು ಹಾಗೆ ಹೇಳಲಿಲ್ಲ. ನಿಮಗೆ ಅಲ್ಲಿ ಮನೆಯಿದೆಯಲ್ಲ ಎಂದವು.

ನಮ್ಮ ದೇಶವೂ ಈ ಕಥೆಯಲ್ಲಿದೆ. 2010ರಲ್ಲಿ ಭಾರತ ಸರಕಾರ ಶ್ರೀಲಂಕಾದಲ್ಲಿ 50,000 ಮನೆ ಕಟ್ಟಿಸಿಕೊಡುವುದಾಗಿ ಘೋಷಿಸಿತು. ಬಹುಪಾಲು ಉತ್ತರ ಮತ್ತು ಪೂರ್ವಕ್ಕೆ. ನಮ್ಮ ತೆರಿಗೆಯ ಹಣ ಇಂಥ ಕೆಲಸಕ್ಕೆ ಹೋದದ್ದು ನಮಗೆ ಹೆಮ್ಮೆಯೇ. ಆದರೆ ಮರಳಿದ ಮುಸ್ಲಿಮರು ಈ ಪಟ್ಟಿಗಳಲ್ಲಿ ತಮಗೆ ನ್ಯಾಯವಾದ ಪಾಲು ಸಿಗಲಿಲ್ಲವೆಂದು ದೂರುತ್ತಲೇ ಬಂದರು. ಅಡಚಣೆ ಸರಳವಾದದ್ದು. ಮನೆ ಬೇಕಾದರೆ ಇಲ್ಲಿ ಕಾಯಂ ವಾಸವಿರುವುದನ್ನು ತೋರಿಸು. ಮನೆಯೇ ಇಲ್ಲದವನು ಎಲ್ಲಿ ವಾಸವಿರುವುದು? ಹೆಂಡತಿ ಮಕ್ಕಳನ್ನು ಪುತ್ತಳಂನಲ್ಲಿ ಬಿಟ್ಟು ಬಂದು ಅಂಗಡಿಯ ಜಗಲಿಯಲ್ಲಿ ಮಲಗಿದವನು ಗ್ರಾಮಸೇವಕನ ಕಣ್ಣಿಗೆ ವ್ಯಾಪಾರಕ್ಕೆ ಬಂದು ಹೋಗುವವನು. ಮಕ್ಕಳನ್ನು ಕರೆತಂದರೆ ಶಾಲೆಯಿಲ್ಲ. ಮಕ್ಕಳಿಲ್ಲದ ಊರಿಗೆ ಶಾಲೆ ಯಾಕೆ? 1990ರಲ್ಲಿ ಹೋದದ್ದು ಒಂದು ಕುಟುಂಬ, ಮರಳುವಾಗ ಮಕ್ಕಳು ಮದುವೆಯಾಗಿ ಮೂರು ನಾಲ್ಕು ಕುಟುಂಬಗಳು. ಹೋದದ್ದು ಒಂದು, ಬಂದದ್ದು ನಾಲ್ಕು, ಇದೇನು ವಲಸೆಯೋ ಎಂದು ಕೇಳುತ್ತಾರೆ. ನಿರಾಶ್ರಿತರು ಮಕ್ಕಳನ್ನು ಹೆರಬಾರದಿತ್ತೇನೋ.

ಎಲ್ಲಕ್ಕಿಂತ ವಿಚಿತ್ರವಾದದ್ದು ಕಾಡಿನ ಕಥೆ. ಮನ್ನಾರ್ ಜಿಲ್ಲೆಯ ದಕ್ಷಿಣ ತುದಿಯಲ್ಲಿ ಮುಸಲಿ ವಿಭಾಗ, ಅದರ ಕೆಳಗೆ ವಿಲ್ಪತ್ತು ರಾಷ್ಟ್ರೀಯ ಉದ್ಯಾನ. ಮರಿಚ್ಚುಕಟ್ಟಿ, ಕರಡಿಕ್ಕುಳಿ, ಪಾಲೈಕ್ಕುಳಿ ಎಂಬ ಮುಸ್ಲಿಂ ಹಳ್ಳಿಗಳು ಇರುವುದು ಉದ್ಯಾನದ ಉತ್ತರಕ್ಕೆ, ಅದರ ಹೊರಗೆ. ಎರಡು ದಶಕ ಮನುಷ್ಯರಿಲ್ಲದ ಹೊಲ, ಅಂಗಳಗಳಲ್ಲಿ ಕಾಡು ಬೆಳೆಯಿತು. ಬೆಳೆಯದೆ ಏನು ಮಾಡುತ್ತದೆ? 2012ರ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆ ಗೆಜೆಟ್ ಹೊರಡಿಸಿ ಆ ಭಾಗವನ್ನು ರಕ್ಷಿತಾರಣ್ಯವೆಂದು ಸಾರಿತು. ತಮ್ಮನ್ನು ಒಂದು ಮಾತೂ ಕೇಳಲಿಲ್ಲವೆಂಬುದು ಊರವರ ದೂರು. 2015ರ ಹೊತ್ತಿಗೆ ಕೊಲಂಬೊದಲ್ಲಿ 'ವಿಲ್ಪತ್ತು ಉಳಿಸಿ' ಎಂಬ ಕೂಗು ಎದ್ದಿತು. ಆ ಕೂಗಿನಲ್ಲಿ ನಿಜವಾದ ಪರಿಸರಪ್ರೇಮಿಗಳೂ ಇದ್ದರು, ಮುಸ್ಲಿಮರು ಕಾಡು ನುಂಗುತ್ತಿದ್ದಾರೆಂದು ಸಾರಲು ಕಾದಿದ್ದ ಬೌದ್ಧ ಉಗ್ರವಾದಿ ಭಿಕ್ಷುಗಳೂ ಇದ್ದರು. 2017ರ ಮಾರ್ಚಿನಲ್ಲಿ ಅಧ್ಯಕ್ಷ ಸಿರಿಸೇನ ರಷ್ಯಾ ಪ್ರವಾಸದಲ್ಲಿದ್ದಾಗ ಮಾಸ್ಕೋದಿಂದಲೇ ಸಹಿ ಹಾಕಿ ಸುಮಾರು 40,000 ಹೆಕ್ಟೇರ್ ನೆಲವನ್ನು ಮಾವಿಲ್ಲು ಅರಣ್ಯವೆಂದು ಘೋಷಿಸಿದರು.

ಇಲ್ಲಿ ನಾವು ಸ್ಪಷ್ಟವಾಗಿರಬೇಕು. ಕಾಡು ಕಡಿಯಲಿ ಎಂದು ನಾವು ಹೇಳುತ್ತಿಲ್ಲ. ಸಚಿವರಾಗಿದ್ದ ರಿಷಾದ್ ಬದಿಯುದ್ದೀನ್ ಅವರು ಕಲ್ಲಾರು ಅರಣ್ಯದಲ್ಲಿ ಮಾಡಿಸಿದ ತೆರವು ಅಕ್ರಮವೆಂದು 2020ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತು, ತಮ್ಮ ಖರ್ಚಿನಲ್ಲೇ ಮರ ನೆಡಬೇಕೆಂದು ಆದೇಶಿಸಿತು. ನೆಡಲಿ. ನಿರಾಶ್ರಿತರ ಹೆಸರಿನಲ್ಲಿ ರಾಜಕಾರಣ ಮಾಡುವ ನಾಯಕರು ನಿರಾಶ್ರಿತರಿಗೆ ಮಾಡುವ ಹಾನಿಯನ್ನು ನಾವು ಇಲ್ಲೂ ಕಂಡಿದ್ದೇವೆ. ನಾಯಕನ ತಪ್ಪಿಗೆ ಇಡೀ ಹಳ್ಳಿಯನ್ನು ಒತ್ತುವರಿದಾರನೆಂದು ಕರೆಯುವುದು ಯಾವ ಪರಿಸರವಾದ? ಬಾವಿಯ ಕಲ್ಲು, ಮಸೀದಿಯ ಗೋಡೆ, ಕಬರಸ್ತಾನ ಪೊದೆಗಳೊಳಗೆ ಇರುವ ನೆಲವನ್ನು ಮನುಷ್ಯ ಕಾಲಿಡದ ಕಾಡೆಂದು ಹೇಗೆ ನಂಬುವುದು? ಅದೇ ಮುಸಲಿಯ ಮುಳ್ಳಿಕ್ಕುಳಂ ಎಂಬ ತಮಿಳು ಕ್ಯಾಥೋಲಿಕರ ಹಳ್ಳಿಯನ್ನು 2007ರಲ್ಲಿ ನೌಕಾಪಡೆ ಖಾಲಿ ಮಾಡಿಸಿ ಅಲ್ಲಿ ತನ್ನ ನೆಲೆ ಹೂಡಿತು. ಸಿಲಾವತ್ತುರೈಯಲ್ಲಿ ಮುಸ್ಲಿಮರ ಜಮೀನಿನ ಮೇಲೆಯೂ ನೌಕಾಪಡೆಯ ಶಿಬಿರ ಬಂತು. ನೌಕಾಪಡೆಯ ಕಟ್ಟಡಗಳಿಂದ ವಿಲ್ಪತ್ತುವಿನ ಚಿರತೆಗಳಿಗೆ ತೊಂದರೆಯಾಯಿತೆಂದು ಇಷ್ಟು ದೊಡ್ಡ ಕೂಗು ಎದ್ದದ್ದನ್ನು ನಾವು ಕೇಳಿಲ್ಲ.

ಕಾನೂನು ಮನಸ್ಸು ಮಾಡಿದರೆ ಕಾಲವನ್ನು ನಿಲ್ಲಿಸಬಲ್ಲದು. ಶ್ರೀಲಂಕಾದಲ್ಲಿ ಪರರ ಜಮೀನನ್ನು ಹತ್ತು ವರ್ಷ ತಕರಾರಿಲ್ಲದೆ ಅನುಭವಿಸಿದವನು ಅದರ ಒಡೆತನ ಕೇಳಬಹುದು. ನಮ್ಮಲ್ಲಿಯೂ ಪ್ರತಿಕೂಲ ಸ್ವಾಧೀನವೆಂಬ ಇಂಥದ್ದೇ ಕಾನೂನಿದೆ. ಜೀವ ಉಳಿಸಿಕೊಳ್ಳಲು ಓಡಿದವನು ಕೋರ್ಟಿಗೆ ಬಂದು ತಕರಾರು ಹೇಗೆ ಹೂಡಿಯಾನು? ಆದ್ದರಿಂದ 2016ರಲ್ಲಿ ಅಲ್ಲಿನ ಸಂಸತ್ತು ವಿಶೇಷ ಕಾಯಿದೆ ಮಾಡಿ, 1983ರ ಮೇ 1ರಿಂದ 2009ರ ಮೇ 18ರವರೆಗಿನ ಅವಧಿಯನ್ನು ಅಂಥವರ ವಿರುದ್ಧ ಎಣಿಸಕೂಡದು ಎಂದಿತು. ನಾವು ಕೇಳುತ್ತಿರುವುದು ಇಷ್ಟನ್ನೇ. ಕೋರ್ಟಿನಲ್ಲಿ ಎಣಿಸಕೂಡದ ವರ್ಷಗಳನ್ನು ಮನೆಯ ಪಟ್ಟಿಯಲ್ಲಿ, ಅರಣ್ಯದ ನಕಾಶೆಯಲ್ಲಿ, ಮತದಾರರ ಯಾದಿಯಲ್ಲಿ ಏಕೆ ಎಣಿಸುತ್ತೀರಿ?

ಮತದಾನದ ವಿಷಯವನ್ನೂ ಹೇಳಬೇಕು. ಪುತ್ತಳಂನಲ್ಲಿ ಹೆಸರು ಬರೆಸಿದರೆ ಉತ್ತರದಲ್ಲಿ ಹಕ್ಕಿಲ್ಲ. ಉತ್ತರದಲ್ಲಿ ಬರೆಸಿದರೆ ಪುತ್ತಳಂನವರಿಗೆ ಅನುಮಾನ. 2019ರ ನವೆಂಬರ್ 16ರಂದು, ಅಧ್ಯಕ್ಷೀಯ ಚುನಾವಣೆಯ ದಿನ, ಪುತ್ತಳಂನಿಂದ ಮನ್ನಾರಿಗೆ ಮತ ಹಾಕಲು ಹೊರಟ ನೂರಕ್ಕೂ ಹೆಚ್ಚು ಬಸ್ಸುಗಳ ಸಾಲಿನ ಮೇಲೆ ತಂತಿರಿಮಲೆಯ ಬಳಿ ಗುಂಡು ಹಾರಿತು, ಕಲ್ಲು ಬಿತ್ತು. ಯಾರ ಪ್ರಾಣವೂ ಹೋಗಲಿಲ್ಲ. ಅದೇ ವರ್ಷದ ಈಸ್ಟರ್ ಬಾಂಬುಗಳ ನಂತರ ಇಡೀ ಸಮುದಾಯವನ್ನು ಅನುಮಾನದಿಂದ ನೋಡುತ್ತಿದ್ದ ಕಾಲ. ಇಪ್ಪತ್ತೊಂಬತ್ತು ವರ್ಷಗಳ ನಂತರವೂ ಸ್ವಂತ ಊರಿಗೆ ಬಸ್ಸಿನಲ್ಲಿ ಹೋಗಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ರಾತ್ರಿ ಮತ್ತೆ ಬಸ್ಸು ಹತ್ತುವ ನಾಗರಿಕರು ಇವರು.

ತಮಿಳು ಸಮಾಜದಲ್ಲಿ ಈ ಅನ್ಯಾಯವನ್ನು ಅದರ ಹೆಸರಿನಿಂದಲೇ ಕರೆದವರಿದ್ದಾರೆ. ತಮಿಳು ರಾಷ್ಟ್ರೀಯ ಮೈತ್ರಿಕೂಟದ ಎಂ.ಎ. ಸುಮಂತಿರನ್ ಇದನ್ನು ಜನಾಂಗೀಯ ಶುದ್ಧೀಕರಣವೆಂದು ಬಹಿರಂಗವಾಗಿ ಹೇಳಿ ತಮ್ಮವರಿಂದಲೇ ಬೈಸಿಕೊಂಡರು. 2011ರಲ್ಲಿ ನಾಗರಿಕ ಆಯೋಗವೊಂದು ಮುಸ್ಲಿಮರ ಹೇಳಿಕೆಗಳನ್ನು ಸಂಗ್ರಹಿಸಿ ವರದಿ ಕೊಟ್ಟಿತು. ಇಂಥವು ಕೆಲವೇ. ಹೆಚ್ಚಿನವರು ಕೇಳುವುದು, ಹಳೆಯದನ್ನು ಕೆದಕುವುದೇಕೆ, ಕ್ಷಮಿಸಿ ಮುಂದೆ ಹೋಗಬಾರದೇ ಎಂದು. ನಮ್ಮ ಕೆಲವು ಮೌಲವಿಗಳೂ ಮಕ್ಕಾ ವಿಜಯದ ಉದಾಹರಣೆ ಕೊಟ್ಟು ಇದನ್ನೇ ಹೇಳುತ್ತಾರೆ. ಹೌದು, ಪ್ರವಾದಿಯವರು ಎಂಟು ವರ್ಷಗಳ ನಂತರ ಮಕ್ಕಾಕ್ಕೆ ಮರಳಿದಾಗ ಓಡಿಸಿದವರನ್ನು ಕ್ಷಮಿಸಿದರು. ಆದರೆ ಆ ಕ್ಷಮೆಯನ್ನು ಕೊಟ್ಟದ್ದು ಅನ್ಯಾಯ ಉಂಡವರು, ಕೈಯಲ್ಲಿ ಅಧಿಕಾರ ಇಟ್ಟುಕೊಂಡು. ಪಕ್ಕದಲ್ಲಿ ನಿಂತ ಮೂರನೆಯವರು ಅದನ್ನು ಅವರ ಪರವಾಗಿ ಹಂಚಲಿಲ್ಲ. ಎಲ್ಲಿ ತಂಗುತ್ತೀರಿ ಎಂದು ಕೇಳಿದಾಗ, ಅಕೀಲ್ ನಮಗೆ ಮನೆ ಎಂದು ಏನಾದರೂ ಉಳಿಸಿದ್ದಾರೆಯೇ ಎಂದು ಅವರು ಕೇಳಿದ್ದನ್ನು ಹದೀಸ್ ಗ್ರಂಥಗಳು ದಾಖಲಿಸಿವೆ. ಕ್ಷಮಿಸುವವರೂ ಕಳೆದುಹೋದ ಮನೆಯ ಹೆಸರೆತ್ತಿದ್ದರು. ಈ ಮಾತನ್ನು ನಮ್ಮ ಖುತ್ಬಾಗಳಲ್ಲಿ ನಾವು ಕೇಳಿದ್ದು ಅಪರೂಪ.

ಈಗ ನಾವು ಹೇಳುವುದು ನಮ್ಮ ಓದುಗರಲ್ಲಿ ಕೆಲವರಿಗೆ ರುಚಿಸಲಿಕ್ಕಿಲ್ಲ. ಯುದ್ಧದ ಕೊನೆಗೆ ಸುಮಾರು 12,000 ಎಲ್‌ಟಿಟಿಇ ಸದಸ್ಯರು ಶರಣಾದರು, ಇಲ್ಲವೇ ಸೆರೆಯಾದರು. ಅವರಲ್ಲಿ 594 ಮಂದಿ ಮಕ್ಕಳು. ಸರಕಾರ ಅವರನ್ನು ಪುನರ್ವಸತಿ ಕೇಂದ್ರಗಳಲ್ಲಿಟ್ಟು ಹೊಲಿಗೆ, ಬಡಗಿ ಕೆಲಸ, ಸಿಂಹಳ ಭಾಷೆ ಕಲಿಸಿ ಹಂತಹಂತವಾಗಿ ಬಿಡುಗಡೆ ಮಾಡಿತು. 2010ರ ಜೂನ್‌ನಲ್ಲಿ ವವುನಿಯಾದಲ್ಲಿ ಕ್ಯಾಮೆರಾಗಳ ಮುಂದೆ 53 ಜೋಡಿಗಳಿಗೆ ಸಾಮೂಹಿಕ ಮದುವೆಯನ್ನೂ ಮಾಡಿಸಿತು. ಊರಿಗೆ ಮರಳಿದ ಮೇಲೆ? ಸೇನಾ ಶಿಬಿರಕ್ಕೆ ಹೋಗಿ ಸಹಿ, ಮನೆಗೆ ಬಂದು ವಿಚಾರಣೆ. ಮಾತಾಡಿಸಿದರೆ ತಮಗೂ ಕಂಟಕವೆಂದು ನೆರೆಯವರು ಬಾಗಿಲು ಮುಚ್ಚಿದರು. ಪಡೆಯಲ್ಲಿದ್ದವಳೆಂದು ಗೊತ್ತಾದರೆ ಗಂಡು ಸಿಗುವುದು ಕಷ್ಟ, ಅಂಗಡಿಯಲ್ಲಿ ಕೆಲಸ ಸಿಗುವುದು ಕಷ್ಟ. ಮನೆಗೊಬ್ಬರಂತೆ ಬಲವಂತವಾಗಿ ಎಳೆದೊಯ್ದ ಹುಡುಗಿಯರೂ ಅವರಲ್ಲಿದ್ದರು. 1990ರಲ್ಲಿ ಅವರಲ್ಲಿ ಎಷ್ಟೋ ಮಂದಿ ಹುಟ್ಟಿರಲೂ ಇಲ್ಲ.

ಇವರ ಪರವಾಗಿ ಮುಸ್ಲಿಮರು ಏಕೆ ಮಾತಾಡಬೇಕು ಎಂದು ಕೇಳಿದರೆ, ನಾವಲ್ಲದೆ ಇನ್ನಾರು ಎಂಬುದೇ ನಮ್ಮ ಉತ್ತರ. ಊರಿಗೆ ಮರಳಿದವನ ಬೆನ್ನಿಗೆ ಅನುಮಾನ ಅಂಟಿಕೊಂಡಿರುವುದು ಹೇಗಿರುತ್ತದೆಂದು ಸೋನಕರ್ ಬೀದಿಯ ದರ್ಜಿಗೆ ಗೊತ್ತು. ರಾಜಿಂದರ್ ಸಿಂಗ್ ಬೇಡಿಯವರ 'ಲಾಜವಂತಿ' ಎಂಬ ಉರ್ದು ಕಥೆಯಲ್ಲಿ ದೇಶವಿಭಜನೆಯ ಕಾಲದ ಸುಂದರ್‌ಲಾಲ್, ಅಪಹೃತ ಹೆಂಗಸರನ್ನು ಮನಸಾರೆ ಸ್ವೀಕರಿಸಿ ಎಂದು ಬೀದಿಬೀದಿಯಲ್ಲಿ ಪ್ರಚಾರ ಮಾಡುತ್ತಾನೆ. ಅವನ ಹೆಂಡತಿಯೇ ಮರಳಿ ಬಂದಾಗ ದೇವಿಯೆಂದು ಕೂರಿಸುತ್ತಾನೆ, ಆದರೆ ಅವಳು ಅನುಭವಿಸಿದ್ದನ್ನು ಕೇಳಲು ಒಪ್ಪುವುದಿಲ್ಲ. ಉತ್ತರ ಲಂಕಾದಲ್ಲಿ ದೇವಿಯ ಪಟ್ಟವೂ ಇಲ್ಲ. ಮುಸ್ಲಿಂ ದರ್ಜಿಯ ಮಾತನ್ನಾಗಲೀ ತಮಿಳು ಹುಡುಗಿಯ ಮಾತನ್ನಾಗಲೀ ಕೇಳಲು ಯಾರಿಗೂ ಪುರಸೊತ್ತಿಲ್ಲ. ಅವಳಿಗೆ ಕೇಂದ್ರದಲ್ಲಿ ಹೊಲಿಗೆ ಕಲಿಸಿದ್ದಾರೆ. ಅವನಿಗೆ ಅಂಗಡಿಯಿದೆ, ಕೈಗೆ ಆಳಿಲ್ಲ. ಅಷ್ಟು ಸಲೀಸಾಗಿ ಇದು ಕೂಡಿಬರುತ್ತದೆಂದು ನಂಬುವಷ್ಟು ಮುಗ್ಧರು ನಾವಲ್ಲ. ಆದರೆ ಇವರಿಬ್ಬರಲ್ಲಿ ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಂದ ಕಿತ್ತದ್ದು ಎಂದು ಹೇಳಿಕೊಡುವ ರಾಜಕಾರಣಿಗಳನ್ನು, ಅವರು ನಮ್ಮವರೇ ಆಗಿರಲಿ, ನಂಬದಿರುವಷ್ಟಾದರೂ ಎಚ್ಚರ ನಮಗಿರಬೇಕು.

ಕೊನೆಗೊಂದು ಆಕ್ಷೇಪ ಉಳಿಯುತ್ತದೆ, ಅದು ಪ್ರಾಮಾಣಿಕರಿಂದಲೂ ಬರುತ್ತದೆ. ಪುತ್ತಳಂನಲ್ಲಿ ಹುಟ್ಟಿ ಬೆಳೆದವರಿಗೆ ಈಗ ಮೂವತ್ತು ದಾಟಿದೆ. ಅವರ ಶಾಲೆ, ಸ್ನೇಹ, ಹೆಂಡತಿಯ ತವರು ಎಲ್ಲ ಅಲ್ಲಿದೆ. ಅವರಿಗೆ ಜಾಫ್ನಾ ಅಜ್ಜಿಯ ಬಾಯಿಯ ಕಥೆ. ಅವರನ್ನು ಯಾಕೆ ಹಿಂದಕ್ಕೆ ಎಳೆಯುವುದು? ಎಳೆಯಬೇಕೆಂದು ಯಾರು ಹೇಳಿದರು? 2016ರಲ್ಲಿ ಶ್ರೀಲಂಕಾದ ಸಂಪುಟ ಒಪ್ಪಿದ ಸ್ಥಳಾಂತರಿತರ ರಾಷ್ಟ್ರೀಯ ನೀತಿ ಮರಳುವುದು, ಇದ್ದಲ್ಲೇ ನೆಲೆಸುವುದು, ಬೇರೆಡೆಗೆ ಹೋಗುವುದು ಮೂರನ್ನೂ ಜನರ ಆಯ್ಕೆಗೆ ಬಿಡುತ್ತದೆ. ಕಾಗದದ ಮೇಲೆ ಅದು ಒಳ್ಳೆಯ ನೀತಿ. ಬರಲಾರೆ ಎನ್ನುವ ಮೊಮ್ಮಗ ಪುತ್ತಳಂನಲ್ಲಿ ಅಗತಿಯಾಗಿ ಅಲ್ಲ, ಪುತ್ತಳಂನವನಾಗಿ ಇರಲಿ, ಅಲ್ಲಿನ ಶಾಲೆಗೆ ಬೇಕಾದ ಬೆಂಚುಗಳನ್ನು ಸರಕಾರ ಕೊಡಲಿ. ಬರುತ್ತೇನೆ ಎನ್ನುವ ಅಜ್ಜನಿಗೆ ಒಬ್ಬನೇ ಬಂದರೂ ಮನೆ ಸಿಗಲಿ. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎನ್ನುವ ಮಗನನ್ನು ಎರಡೂ ಊರಿನ ಗ್ರಾಮಸೇವಕರು ಸುಳ್ಳುಗಾರನೆಂದು ಬರೆದುಕೊಳ್ಳದಿರಲಿ. ಮರಿಚ್ಚುಕಟ್ಟಿಯ ಗಡಿಗಳನ್ನು ಗೆಜೆಟ್ ನಕಾಶೆಯಿಂದಲ್ಲ, 1990ಕ್ಕಿಂತ ಹಿಂದಿನ ಜಮೀನು ದಾಖಲೆಗಳನ್ನು ಹಿಡಿದುಕೊಂಡು, ಊರ ಹಿರಿಯರನ್ನು ಜೊತೆಗೆ ಕರೆದುಕೊಂಡು ಮತ್ತೊಮ್ಮೆ ಅಳೆಯಲಿ. ಆ ಹಿರಿಯರಲ್ಲಿ ಬಾವಿ ಎಲ್ಲಿತ್ತೆಂದು ತೋರಿಸಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.